ಬಾಯಿಗಿಂತ ಮೊದಲು ಹೋಗುವ ಬೆರಳು

ಮಾನ್ಯ ಓದುಗರಲ್ಲಿ,

ಹೊಸಪೇಟೆಯ ನಿವಾಸಿಯಾದ ನಾನು ಮೊಟ್ಟಮೊದಲಿಗೆ ತಮ್ಮ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಓರೆಯಾಗಿದೆ. ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿದು ಮುಂದಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಎಲ್ಲಿ ಅಲ್ಪಪ್ರಾಣ, ಎಲ್ಲಿ ಮಹಾಪ್ರಾಣ ಎಂಬ ವಿಷಯದಲ್ಲಿ ನನಗೆ ಇಂದಿಗೂ ಧೈರ್ಯವಿಲ್ಲ. ನಮ್ಮ ಓಣಿಯ ಮಹಿಳಾ ಸಂಘದ ಪರವಾಗಿ ನಲ್ಲಿ ನೀರು, ಬೀದಿದೀಪ, ಚರಂಡಿ ಮುಂತಾದವುಗಳ ಕುರಿತು ಅರ್ಜಿ ಬರೆದದ್ದನ್ನು ಬಿಟ್ಟರೆ ಬೇರೆ ಏನನ್ನೂ ಬರೆದವಳಲ್ಲ. ಆದ್ದರಿಂದ ಈ ಬರಹವೂ ಅರ್ಜಿಯ ಧಾಟಿಯಲ್ಲಿಯೇ ಸಾಗಿದರೆ ದಯವಿಟ್ಟು ಮನ್ನಿಸಬೇಕೆಂದು ಪ್ರಾರ್ಥಿಸುತ್ತೇನೆ.

ವಿಷಯ: ನನ್ನ ಯಜಮಾನರ ಕಣ್ಣುಗಳ ಬಗ್ಗೆ ನನಗೆ ಉಂಟಾದ ಸಂಶಯ, ಹಾಗೂ ಸದರಿ ಸಂಶಯಕ್ಕೆ ಜಪಾನ್ ದೇಶದ ಒಂದು ಸಣ್ಣ ರೈಲುಗಾಡಿ ಕಾರಣವಾದ ಬಗ್ಗೆ.

ನನ್ನ ಯಜಮಾನರು ಗೂಡ್ಸ್ ಗಾಡಿಯ ಇಂಜಿನ್ ಓಡಿಸುತ್ತಾರೆ. ಕಾಗದಪತ್ರಗಳಲ್ಲಿ ಅವರ ಹುದ್ದೆಗೆ ಲೋಕೋ ಪೈಲಟ್ ಎಂಬ ಹೆಸರಿದ್ದರೂ ನಮ್ಮ ಓಣಿಯಲ್ಲಿ ಅವರು ಡ್ರೈವರ್ ಸಾಹೇಬರೇ. ಸಂಡೂರಿನ ಕಡೆಯಿಂದ ಅದಿರು ತುಂಬಿದ ವ್ಯಾಗನ್‌ಗಳನ್ನು ಎಳೆದು ತರುವುದು ಅವರ ಕೆಲಸ. ಡೀಸೆಲ್ ಇಂಜಿನ್ ಇದ್ದ ಕಾಲದಲ್ಲಿ ಅವರ ಅಂಗಿಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಈಗ ಕರೆಂಟ್ ಇಂಜಿನ್ ಬಂದ ಮೇಲೆ ವಾಸನೆ ಹೋಗಿ ಅದಿರಿನ ಕೆಂಪು ಧೂಳು ಮಾತ್ರ ಉಳಿದಿದೆ. ಆ ಧೂಳು ಎಷ್ಟು ನೆನೆಸಿಟ್ಟರೂ ಕಾಲರಿನ ಮಡಿಕೆಯಿಂದ ಹೋಗುವುದಿಲ್ಲ. ರಾತ್ರಿ ಗಾಡಿ ಓಡಿಸಿ ಬಂದು, ಹಗಲು ಕಿಟಕಿಗೆ ಕಂಬಳಿ ಕಟ್ಟಿ ಮಲಗುವುದು ನಮ್ಮ ಮನೆಯ ಪದ್ಧತಿ. ಆ ಹೊತ್ತಿನಲ್ಲಿ ನಾನು ಪಾತ್ರೆಯನ್ನೂ ಸಪ್ಪಳವಾಗದಂತೆ ಇಡುತ್ತೇನೆ.

ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದಾಗ, ಮಲಗಿರಬೇಕಾದ ಯಜಮಾನರ ಕೋಣೆಯಿಂದ ಒಬ್ಬ ಹೆಣ್ಣುಮಗಳ ದನಿ ಕೇಳಿಬಂದಿತು. ಬಹಳ ಮೆತ್ತಗಿನ, ವಿನಯದ ದನಿ. ಯಾವ ಭಾಷೆಯೆಂದು ತಿಳಿಯಲಿಲ್ಲ. ಎರಡು ಮಾತು ಹೇಳುವುದು, ಸ್ವಲ್ಪ ಸುಮ್ಮನಿರುವುದು, ಮತ್ತೆ ಎರಡು ಮಾತು ಹೇಳುವುದು. ನಾನು ಹಿಟ್ಟಿನ ಕೈಯಲ್ಲಿಯೇ ಬಾಗಿಲು ತಳ್ಳಿದೆ. ಅವರು ಮಗ್ಗುಲಾಗಿ ಮಲಗಿ ಫೋನನ್ನು ಮುಖಕ್ಕೆ ಹತ್ತಿರ ಹಿಡಿದಿದ್ದರು.

"ಯಾರ್ರೀ ಅದು?"

"ಯಾರು?"

"ಹೆಣ್ಮಗಳು. ಫೋನ್‌ನ್ಯಾಗ ಮಾತಾಡಾಕತ್ತಿದ್ಲಲ್ಲ."

"ಅದು ಗಾಡಿ."

"ಗಾಡಿ ಯಾವಾಗಿಂದ ಇಷ್ಟು ಮೆತ್ತಗ ಮಾತಾಡಾಕ ಕಲೀತ್ರೀ? ಮನೀಗೆ ಬಂದ್ರ ನೀವೇ ಒದರ್ತೀರಿ."

ಅವರು ನಗದೆ ಫೋನನ್ನು ನನ್ನ ಕಡೆ ತಿರುಗಿಸಿದರು. ಅದು ನಿಜವಾಗಿಯೂ ಗಾಡಿಯೇ ಆಗಿತ್ತು. ಜಪಾನಿನಲ್ಲಿ ಶಿಕೊಕು ಎಂಬ ದ್ವೀಪವಿದೆಯಂತೆ. ಅಲ್ಲಿನ ಒಂದೇ ಬೋಗಿಯ ರೈಲು ಭತ್ತದ ಗದ್ದೆಗಳ ನಡುವೆ ಸಾಗುತ್ತಿತ್ತು. ಗದ್ದೆಗಳನ್ನು ನೋಡಿ ನನಗೆ ಕಂಪ್ಲಿಯ ಕಡೆಯ ಕಾಲುವೆ ಬಯಲು ನೆನಪಾಯಿತು. ಆದರೆ ತಿರುವು ದಾಟಿದೊಡನೆ ಸಮುದ್ರ ಬಂದಿತು. ಡ್ರೈವರನ ಹಿಂದೆ ಕ್ಯಾಮೆರಾ ಇಟ್ಟು ತೆಗೆದ ವಿಡಿಯೋ ಅದು. ಹೆಣ್ಣುಮಗಳ ದನಿ, ಮುಂದಿನ ಸ್ಟೇಷನ್ ಯಾವುದೆಂದು ಹೇಳುವ ಯಂತ್ರದ್ದು.

"ಇಂಜಿನ್ ಎಲ್ಲೈತ್ರೀ?" ಎಂದು ಕೇಳಿದೆ.

"ಬ್ಯಾರೆ ಇಂಜಿನ್ನೇ ಇಲ್ಲ. ಬೋಗಿ ಹೊಟ್ಯಾಗ ಐತಿ. ಡ್ರೈವರ್ ಒಬ್ಬನ. ಟಿಕೆಟ್ ಈಸ್ಕೊಳ್ಳಾವನೂ ಅವನ, ಬಾಗಿಲು ತೆಗಿಯಾವನೂ ಅವನ."

ನಂತರ ಅವರು ಇನ್ನೆರಡು ವಿಡಿಯೋ ತೋರಿಸಿದರು. ಒಂದರಲ್ಲಿ ಬೆಟ್ಟದ ತಿರುವಿನಲ್ಲಿ ಮೈಯನ್ನೇ ಒಂದು ಪಕ್ಕಕ್ಕೆ ವಾಲಿಸಿ ಓಡುವ ವೇಗದ ಡೀಸೆಲ್ ಗಾಡಿ. ಇನ್ನೊಂದರಲ್ಲಿ ಜಲ್ಲಿಕಲ್ಲಿನ ವ್ಯಾಗನ್‌ಗಳನ್ನು ಎಳೆಯುವ ಕಿತ್ತಳೆ ಬಣ್ಣದ ಹಳೆಯ ಇಂಜಿನ್. ಅದನ್ನು ನೋಡುವಾಗ ಅವರ ಮುಖದಲ್ಲಿ, ತಮ್ಮ ಊರಿನವರನ್ನು ದೂರದ ಸಂತೆಯಲ್ಲಿ ಕಂಡಂಥ ಪ್ರೀತಿ ಇತ್ತು. ಆದರೂ ಅವರು ಮತ್ತೆ ಮತ್ತೆ ಮರಳುತ್ತಿದ್ದುದು ಒಂದೇ ಬೋಗಿಯ ಆ ಗಾಡಿಗೇ.

ಹೆಣ್ಣುಮಗಳ ಬಗೆಗಿನ ಸಂಶಯ ಅಲ್ಲಿಗೆ ಮುಗಿಯಿತು. ಆದರೆ ಬೇರೊಂದು ಸಂಶಯ ಅದೇ ಬಾಗಿಲಿನಿಂದ ಒಳಗೆ ಬಂದಿತೆಂದು ತಿಳಿಸಲು ವಿಷಾದಿಸುತ್ತೇನೆ. ರಾತ್ರಿಯಿಡೀ ಗಾಡಿ ಓಡಿಸಿದ ಮನುಷ್ಯ ನಿದ್ದೆ ಬಿಟ್ಟು ಹಗಲಿನಲ್ಲಿಯೂ ಗಾಡಿಯನ್ನೇ ಏಕೆ ನೋಡಬೇಕು?

ಮುಂದೆ ಕೆಲವೇ ದಿನಗಳಲ್ಲಿ ಬೆರಳಿನ ಪ್ರಕರಣ ಆರಂಭವಾಯಿತು. ಅಡುಗೆಮನೆಗೆ ನೀರು ಕುಡಿಯಲು ಬಂದವರು ಗ್ಯಾಸಿನ ಮುಂದೆ ನೆಟ್ಟಗೆ ನಿಂತು, ಬಲಗೈ ಚಾಚಿ, ತೋರುಬೆರಳನ್ನು ಗ್ಯಾಸ್ ಒಲೆಯ ತಿರುಪಿಗೆ ಗುರಿಯಿಟ್ಟು, "ಬಂದ್ ಐತಿ. ಯೋಶಿ," ಎಂದರು. ಬೀಗ ಹಾಕಿದ ಮೇಲೆ ಬೀಗದ ಕಡೆ ಬೆರಳು: "ಹಾಕೈತಿ. ಯೋಶಿ." ಬೈಕಿನ ಸ್ಟ್ಯಾಂಡಿಗೆ ಬೆರಳು. ತುಳಸಿಕಟ್ಟೆಯ ದೀಪಕ್ಕೆ ಬೆರಳು. ಯೋಶಿ ಎಂದರೆ ಆ ಭಾಷೆಯಲ್ಲಿ 'ಸರಿ ಐತಿ' ಎಂದು ಅರ್ಥವಂತೆ. ಅಲ್ಲಿನ ಡ್ರೈವರುಗಳು ಪ್ರತಿ ಸಿಗ್ನಲಿಗೂ ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿಯೇ ಮುಂದೆ ಹೋಗುತ್ತಾರಂತೆ. "ಒಳ್ಳೆ ಅಭ್ಯಾಸ, ಕಲಿಯಾಕತ್ತೀನಿ," ಎಂದಷ್ಟೇ ಹೇಳಿದರು.

ಇದನ್ನು ನಾನು ನಂಬಲಿಲ್ಲ. ನಂಬದಿರಲು ಕಾರಣವಿತ್ತು.

ನಮ್ಮ ಹಿಂದಿನ ಬೀದಿಯಲ್ಲಿ ಇನ್ನೊಬ್ಬ ಡ್ರೈವರ್ ಇದ್ದಾರೆ. ತಪಾಸಣೆಯಲ್ಲಿ ಅವರ ಕಣ್ಣು ಬಣ್ಣ ಹಿಡಿಯುತ್ತಿಲ್ಲವೆಂದು ಗೊತ್ತಾಗಿ, ಅವರನ್ನು ಇಂಜಿನ್ನಿನಿಂದ ಇಳಿಸಿ ಕುರ್ಚಿಯ ಕೆಲಸಕ್ಕೆ ಹಾಕಿದರು. ಸಂಬಳ ಬರುತ್ತಿದೆ, ಊಟಕ್ಕೇನೂ ತೊಂದರೆಯಿಲ್ಲ. ಆದರೆ ಅವರ ಹೆಂಡತಿ ನಲ್ಲಿಯ ಬಳಿ ನನಗೆ ಹೇಳಿದ್ದರು: "ಗಾಡಿ ಸಪ್ಪಳ ಕೇಳಿದ್ರ ಉಣ್ಣೋದು ಬಿಟ್ಟು ಎದ್ದು ನಿಂದರ್ತಾರವ್ವ. ಅದೊಂದು ನೋಡಾಕಾಗಂಗಿಲ್ಲ ನನಗ." ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು. ತಪಾಸಣೆಗೆ ಮೊದಲೇ ಆ ಡ್ರೈವರು ಮನೆಯಲ್ಲಿ ಪ್ರತಿಯೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದರಂತೆ.

ಈಗ ನನ್ನ ಯಜಮಾನರಿಗೂ ಹುಬ್ಬಳ್ಳಿಯಲ್ಲಿ ವೈದ್ಯಕೀಯ ತಪಾಸಣೆಗೆ ಹಾಜರಾಗುವ ಸರದಿ ಹತ್ತಿರ ಬಂದಿತ್ತು. ಮುಟ್ಟುವುದಕ್ಕೂ ಬೆರಳು ತೋರಿಸುವುದಕ್ಕೂ ಎಷ್ಟು ದೂರವಿದೆ? ಅವರ ಕಣ್ಣು ಹೋಗುತ್ತಿದೆ, ಅದನ್ನು ಜಪಾನಿನ ಹೆಸರಿನಲ್ಲಿ ಮುಚ್ಚಿಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಅವರು ಕುರ್ಚಿಯಲ್ಲಿ ಕುಳಿತು ಸೊರಗುವುದು ಒಂದು ಭಯ. ಆದರೆ ಕಾಣದ ಕಣ್ಣಿನಿಂದ ಅಷ್ಟುದ್ದದ ಅದಿರಿನ ಗಾಡಿಯನ್ನು ಊರೂರು ದಾಟಿಸುತ್ತಿದ್ದರೆ? ಆ ಎರಡನೆಯ ಭಯವನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಮೊದಲನೆಯದನ್ನು ನನ್ನ ಕೈಯಾರೆ ಮಾಡಿದಂತೆ. ಆದಕಾರಣ ನಾನೇ ತಪಾಸಣೆ ಕೈಗೊಂಡೆ.

ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆಯಿದೆ. ಭಾವನವರದು ಅಕ್ಕಿ ಗಿರಣಿ. ಅಕ್ಕನಿಗೆ ಮಾತ್ರ ವಿಷಯ ತಿಳಿಸಿ, ಅವಳ ಪೆಟ್ಟಿಗೆಯಿಂದ ನವಿಲುಗರಿ ಬಣ್ಣದ ಸೀರೆಯೊಂದನ್ನು ತೆಗೆಸಿದೆ. ಊಟವಾದ ಮೇಲೆ ಅದನ್ನು ಯಜಮಾನರ ಮುಂದೆ ಹರವಿ, "ಅಕ್ಕ ಕೊಡಾಕತ್ತಾಳ. ಈ ಬಣ್ಣ ನನಗ ಒಪ್ಪತೈತೇನ್ರೀ?" ಎಂದೆ.

"ನೀಲಿ ಒಪ್ಪತೈತಿ," ಎಂದರು.

ಒಳಕೋಣೆಗೆ ಓಡಿ ಅಕ್ಕನ ಕೈ ಹಿಡಿದೆ. "ಹಸ್ರು ಸೀರೀನ ನೀಲಿ ಅಂದ್ರಕ್ಕ!"

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. "ಲೇ, ನವಿಲುಗರಿ ಅಂದ್ರ ನೀಲಿನೋ ಹಸ್ರೋ ನೀನಾರ ಹೇಳು ನೋಡೋಣ. ನಮ್ಮನಿಯವ್ರು ನನ್ನ ಲಗ್ನದ ಸೀರೀನ ಇವತ್ತಿಗೂ ಗುರ್ತು ಹಿಡಿಯಂಗಿಲ್ಲ. ಅವ್ರನ್ನೂ ಹುಬ್ಬಳ್ಳಿಗೆ ಕಳಸ್ಲೇನು?"

"ನಿನಗ ನಗಿ. ನಿನ್ನ ಗಂಡ ತಪ್ಪಿದ್ರ ಅಕ್ಕ್ಯಾಗ ಕಲ್ಲು ಬರ್ತಾವ. ನನ್ನ ಗಂಡ ತಪ್ಪಿದ್ರ?"

ಅಕ್ಕನ ನಗು ನಿಂತಿತು. ಆ ತಪಾಸಣೆಯ ಫಲಿತಾಂಶವನ್ನು ಅಮಾನತಿನಲ್ಲಿಟ್ಟೆವು.

ಎರಡನೆಯ ತಪಾಸಣೆ ಹಂಪಿಯಲ್ಲಿ ನಡೆಯಿತು. ದರ್ಶನ ಮುಗಿಸಿ ಬಂದು, ಗುಡಿಯ ಬಳಿಯ ಬಳೆ ಅಂಗಡಿಯ ಮುಂದೆ ನಾನು ಬೇಕೆಂದೇ ದೂರ ನಿಂತು, "ಆ ಮೂಲ್ಯಾಗಿನ ಕೆಂಪು ಬಳಿ ಎತ್ತಿ ಕೊಡ್ರಿ," ಎಂದು ಹಸಿರು ಬಳೆಗಳ ಕಡೆ ಕೈ ತೋರಿಸಿದೆ. ಅವರು ಉತ್ತರ ಕೊಡುವಷ್ಟರಲ್ಲಿ ವಯಸ್ಸಾದ ಪ್ರವಾಸಿ ದಂಪತಿ ನಮ್ಮ ನಡುವೆ ಹಾದುಹೋದರು. ಅವರ ಜೊತೆಯಲ್ಲಿದ್ದ ಗೈಡ್, ಅವರು ಜಪಾನಿನವರೆಂದು ಅಂಗಡಿಯವಳಿಗೆ ಹೇಳಿದ. ಅದನ್ನು ಕೇಳಿದ ಯಜಮಾನರು ಬಳೆಯನ್ನೂ ನನ್ನನ್ನೂ ಮರೆತು, ಆ ಮುದುಕರ ಎದುರಿಗೆ ಹೋಗಿ ನೆಟ್ಟಗೆ ನಿಂತು, ಬಲಗೈ ಚಾಚಿ, ಗೋಪುರದ ಕಡೆ ಬೆರಳಿಟ್ಟು, "ಯೋಶಿ!" ಎಂದರು.

ನಾಚಿಕೆಯಿಂದ ನಾನು ಬಳೆಗಳ ಹಿಂದೆ ಮುಖ ಮರೆಸಿಕೊಂಡೆ. ಆದರೆ ಆ ಮುದುಕರು ಒಂದು ಕ್ಷಣ ಬೆರಗಾಗಿ, ಆಮೇಲೆ ಬಾಯ್ತುಂಬ ನಕ್ಕು, ತಮ್ಮ ಊರುಗೋಲನ್ನು ಹೆಂಡತಿಯ ಕೈಗಿತ್ತು, ಅದೇ ರೀತಿ ಕೈ ಚಾಚಿ, ಅದೇ ಗೋಪುರಕ್ಕೆ ಬೆರಳಿಟ್ಟು, "ಯೋಶಿ!" ಎಂದು ಕೂಗಿದರು. ಬಳೆ ಅಂಗಡಿಯವಳು, "ಏನ್ರೀ ಅಕ್ಕ, ಗೋಪುರ ಬಾಡಿಗಿಗೆ ಹಿಡಿಯಾಕತ್ತಾರೇನು ಇಬ್ರೂ?" ಎಂದಳು.

ಅಂದರೆ ಆ ಪದ್ಧತಿ ನಿಜ. ಯಜಮಾನರು ಕಟ್ಟಿ ಹೇಳಿದ್ದಲ್ಲ. ಇದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಪದ್ಧತಿ ನಿಜವಾದರೂ ಅದು ಇವರಿಗೆ ಇಷ್ಟು ವರ್ಷಗಳ ನಂತರ, ಈಗಲೇ ಏಕೆ ಬೇಕಾಯಿತು? ಪ್ರಶ್ನೆ ಇನ್ನಷ್ಟು ಚೂಪಾಯಿತು.

ನಮ್ಮ ರೈಲುಗಳ ಒಂದು ನಿಯಮವನ್ನು ಇಲ್ಲಿ ತಿಳಿಸುವುದು ಅವಶ್ಯವಾಗಿದೆ. ಇಂಜಿನ್ನಿನಲ್ಲಿ ಡ್ರೈವರ್ ಒಬ್ಬರೇ ಇರುವುದಿಲ್ಲ. ಜೊತೆಗೆ ಸಹಾಯಕರೊಬ್ಬರು ಇರುತ್ತಾರೆ. ಸಿಗ್ನಲ್ ಕಂಡಾಗ ಇಬ್ಬರೂ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳಬೇಕು. ಇದನ್ನು ನೆನೆದಾಗ ನನಗೆ ಹೊಳೆಯಿತು: ಕಣ್ಣು ಕಾಣದ ಡ್ರೈವರ್ ಸಹಾಯಕ ಹೇಳಿದ್ದನ್ನೇ ತಿರುಗಿ ಹೇಳಿದರೆ ಯಾರಿಗೆ ತಿಳಿಯುತ್ತದೆ? ಅದನ್ನು ಕಂಡುಹಿಡಿಯುವ ದಾರಿ ಒಂದೇ. ಸಹಾಯಕನ ಜಾಗದಲ್ಲಿ ನಾನು ನಿಂತು ಸುಳ್ಳು ಹೇಳಬೇಕು.

ಅವಕಾಶ ಸಂಡೂರಿನ ದಾರಿಯಲ್ಲಿ ಒದಗಿಬಂದಿತು. ಬಂಧುಗಳ ಮನೆಯ ತೊಟ್ಟಿಲ ಕಾರ್ಯ ಮುಗಿಸಿ ಸಂಜೆ ಬೈಕಿನಲ್ಲಿ ಹಿಂತಿರುಗುವಾಗ ರೈಲ್ವೆ ಗೇಟು ಆಗಷ್ಟೇ ಬಿದ್ದಿತು. ಬಿಸಿಲು ಇನ್ನೂ ಇತ್ತು. ಹಳಿಯ ಪಕ್ಕದ ಸಿಗ್ನಲ್ ಕಂಬ ನಾವು ನಿಂತಲ್ಲಿಗೆ ಚೆನ್ನಾಗಿ ಕಾಣುತ್ತಿತ್ತು. ದೀಪ ಕೆಂಪಾಗಿತ್ತು. ಯಜಮಾನರು ರಸ್ತೆಯ ಬದಿಯ ಲಾರಿಯ ಕಡೆ ನೋಡುತ್ತಿದ್ದರು. ನಾನು ಹಿಂದಿನಿಂದ, ಬಹಳ ಸಹಜವಾದ ದನಿಯಲ್ಲಿ ಹೇಳಿದೆ:

"ಹಸ್ರು ಬಿತ್ತು ನೋಡ್ರಿ. ಗಾಡಿ ಬಂತು."

"ಹೂಂ, ಹಸ್..." ಎಂದರು.

ಅಲ್ಲಿಗೆ ಮಾತು ತುಂಡಾಯಿತು. ಅವರ ಬಲಗೈ ಬೈಕಿನ ಹಿಡಿಕೆ ಬಿಟ್ಟು ಮೇಲೆದ್ದಿತು. ಬೆರಳು ಗಾಳಿಯಲ್ಲಿ ಹುಡುಕಿಕೊಂಡು ಹೋಗಿ ಕಂಬದ ಮೇಲೆ ನಿಂತಿತು. "ಕೆಂಪು," ಎಂದರು. ಸ್ವಲ್ಪ ತಡೆದು, "ಕೆಂಪು ಐತಿ," ಎಂದು ಇನ್ನೊಮ್ಮೆ ಹೇಳಿದರು.

"ಯಾಕ ಹಂಗಂದಿ?"

"ನಿಮ್ಮ ಕಣ್ಣು ನೋಡಾಕ."

ಅಷ್ಟರಲ್ಲಿ ದೀಪ ಬದಲಾಗಿ ಗಾಡಿ ಬಂದಿತು. ಅದಿರಿನ ವ್ಯಾಗನ್‌ಗಳು ಒಂದರ ಹಿಂದೊಂದು ನೆಲವನ್ನು ನಡುಗಿಸುತ್ತಾ ಹೋಗುವಷ್ಟು ಹೊತ್ತು ಇಬ್ಬರೂ ಮಾತಾಡುವಂತಿರಲಿಲ್ಲ. ಗೇಟು ಎದ್ದ ಮೇಲೆ ಹಿಂದಿನವರು ಹಾರ್ನ್ ಬಾರಿಸಿದರೂ ಅವರು ಬೈಕನ್ನು ಮುಂದೆ ಬಿಡದೆ ರಸ್ತೆಬದಿಯ ಬೇವಿನ ಮರದಡಿಗೆ ತಳ್ಳಿಕೊಂಡು ಹೋದರು.

"ಕಣ್ಣು ನೆಟ್ಟಗ ಅದಾವ. ಕೆಟ್ಟಿದ್ದು ಬಾಯಿ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಮರದ ಬುಡದ ಕಲ್ಲಿನ ಮೇಲೆ ಕುಳಿತು, ನನ್ನ ಮುಖ ನೋಡದೆ ಹೇಳಿದರು:

"ಒಂದು ಸಿಗ್ನಲ್ ಐತಿ. ನಾವು ಬರೋ ಹೊತ್ತಿಗೆ ಯಾವಾಗ್ಲೂ ಹಸ್ರೇ ಇರ್ತೈತಿ. ಅವತ್ತು ನಮ್ಮ ಅಸಿಸ್ಟೆಂಟ್ 'ಹಸ್ರು' ಅಂದ. ನಾನೂ 'ಹಸ್ರು' ಅಂದೆ. ಅಂದ ಮ್ಯಾಲ ನೋಡಿದೆ. ಹಳದಿ ಇತ್ತು. ಮುಂದಿಂದು ಕೆಂಪು ಐತಿ, ನಿಧಾನ ಮಾಡು ಅಂತ ಅದು."

"ಆಮ್ಯಾಲ?"

"ಬ್ರೇಕ್ ಹಾಕಿದೆ. ನಿಂದ್ರಬೇಕಾದಲ್ಲೇ ನಿಂತಿತು ಗಾಡಿ. ಏನೂ ಆಗಲಿಲ್ಲ. ಅವ ನನ್ನ ಮಾರಿ ನೋಡಿದ, ನಾ ಅವನ ಮಾರಿ ನೋಡಿದೆ. ಇಬ್ರೂ ಬಾಯಿ ಬಿಡಲಿಲ್ಲ."

"ಯಾರಿಗೂ ಹೇಳಲಿಲ್ಲೇನ್ರೀ?"

"ಏನಂತ ಹೇಳ್ಲಿ? ನೋಡೋಕಿಂತ ಮೊದ್ಲ ನನ್ನ ಬಾಯಿ ಹೌದಂತೈತಿ ಅಂತ ಹೇಳ್ಲೇನು? ಇಬ್ರನ್ನ ಯಾಕ ಕುಂದ್ರಿಸ್ಯಾರ ಹೇಳು. ಒಬ್ಬ ತಪ್ಪಿದ್ರ ಇನ್ನೊಬ್ಬ ಹಿಡೀಲಿ ಅಂತ. ನಾವು ಒಬ್ರಿಗೊಬ್ರು ಹೌದಪ್ಪ ಅನಕಂತ ಹೊಂಟೀವಿ. ಆ ಜಪಾನದವನ್ನ ನೋಡು, ಹೌದು ಅನ್ನಾಕ ಮಗ್ಗಲ್ದಾಗ ಒಂದು ನರಪಿಳ್ಳಿ ಇಲ್ಲ. ಮೊದ್ಲು ಈ ತೋರಬಟ್ಟು, ಬಟ್ಟಿನ ಹಿಂದ ಕಣ್ಣು, ಎಲ್ಲಾರ ಹಿಂದ ಬಾಯಿ. ಅದನ್ನ ಕಲಿಯಾಕತ್ತೀನಿ. ಈಗ ನೋಡಿದ್ಯಲ್ಲ, ಇನ್ನೂ ಪೂರ್ತಿ ಬಂದಿಲ್ಲ."

ಸದರಿ ಹೇಳಿಕೆಯಿಂದ ನನ್ನ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕಣ್ಣು ಪರೀಕ್ಷಿಸಲು ಹುಬ್ಬಳ್ಳಿಯಲ್ಲಿ ವೈದ್ಯರಿದ್ದಾರೆ, ಗೋಡೆಯ ಮೇಲೆ ಅಕ್ಷರಗಳಿವೆ, ಬಣ್ಣದ ಚುಕ್ಕೆಗಳ ಪುಸ್ತಕವಿದೆ. ಬಾಯಿಯ ಈ ರೋಗವನ್ನು ಯಾವ ಆಸ್ಪತ್ರೆಯಲ್ಲಿ ನೋಡುತ್ತಾರೆ? ಮನೆಗೆ ಬಂದು ಯೋಚಿಸಿದಾಗ ಆ ರೋಗ ನನ್ನಲ್ಲಿಯೂ ಕಂಡುಬಂದಿತು. "ಹಿಂದಿನ ಬಾಗಲ ಹಾಕೀಯೇನು?" ಎಂದು ಅವರು ಕೇಳಿದರೆ, ಬಾಗಿಲ ಕಡೆ ತಿರುಗಿಯೂ ನೋಡದೆ ಹೂಂ ಎನ್ನುವವಳು ನಾನು. ಸಂಘದ ಸಭೆಯಲ್ಲಿ ಕೈ ಎತ್ತಿರಿ ಎಂದರೆ ವಿಷಯ ಕೇಳುವ ಮೊದಲೇ ಎಲ್ಲರೂ ಎತ್ತುತ್ತೇವೆ. ಅಂದಿನಿಂದ ನನಗೆ ಜನರ ಹೌದು ಎಂಬ ಮಾತಿನ ಮೇಲೆ ನಂಬಿಕೆ ಉಳಿದಿಲ್ಲ.

ಹುಬ್ಬಳ್ಳಿಯ ತಪಾಸಣೆಯಲ್ಲಿ ಕಣ್ಣುಗಳು ತೇರ್ಗಡೆಯಾದವು. ಅಕ್ಕ ಫೋನ್ ಮಾಡಿ, "ಈಗಾರ ಸಮಾಧಾನ ಆತಿಲ್ಲ?" ಎಂದಾಗ, ಹೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

ಯಜಮಾನರೇ ಒಂದು ವ್ಯವಸ್ಥೆ ಸೂಚಿಸಿದರು. "ದಿನಾ ಒಂದು ಸುಳ್ಳು ಹೇಳು ನನಗ. ಯಾವಾಗ ಹೇಳ್ತಿ ಅನ್ನೋದು ಗೊತ್ತಾಗಬಾರ್ದು. ನಾ ಹಿಡೀಬೇಕು."

"ಹಿಡೀಲಿಲ್ಲ ಅಂದ್ರ?"

ಉತ್ತರವನ್ನು ನಾನೇ ಕೊಟ್ಟೆ. "ಹಿಡೀಲಿಲ್ಲಂದ್ರ ಅವತ್ತು ಇಂಜಿನ್ ಹತ್ತೋಕಿಂತ ಮೊದ್ಲು ನಿಮ್ಮ ಸಾಹೇಬ್ರ ಮುಂದ ಎಲ್ಲಾ ಹೇಳ್ಬೇಕು. ಆ ಹಳದೀನೂ ಹೇಳ್ಬೇಕು." ಅವರು ಯೋಚಿಸಿ, ಆಗಲಿ ಎಂದು ತಲೆಯಾಡಿಸಿದರು.

ಅಂದಿನಿಂದ ನಾನು ನಮ್ಮ ಮನೆಯ ಅಧಿಕೃತ ಸುಳ್ಳುಗಾರ್ತಿಯಾದೆ. ಹಾಲು ಉಕ್ಕುತ್ತಿರುವಾಗ ಆರಿಸಿದ್ದೇನೆ ಎಂದೆ. ಬೆರಳು ಒಲೆಗೆ ಹೋಯಿತು. ಬೈಕಿನ ಕೀಲಿ ಗೂಟದಲ್ಲಿದೆ ಎಂದೆ; ಬೆರಳು ಖಾಲಿ ಗೂಟ ಮುಟ್ಟಿ, "ಇಲ್ಲ," ಎಂದಿತು. ನಿಜ ಹೇಳಿದಾಗಲೂ ಅವರು ಬೆರಳಿಟ್ಟು ನೋಡತೊಡಗಿದರು. ನೀರು ಕೊಟ್ಟರೆ ಲೋಟದೊಳಗೆ ನೋಡಿ ಕುಡಿಯುವರು. ಗಂಡ ಹೆಂಡತಿಯ ನಡುವೆ ಇಷ್ಟು ಅಪನಂಬಿಕೆ ಸರಿಯೇ ಎಂದು ತಾವು ಕೇಳಬಹುದು. ಅವರ ಬೆನ್ನಿಗೆ ಬರುವ ಗಾಡಿಯ ತೂಕವನ್ನು ನೆನೆದರೆ ನನಗೆ ಅದು ತಪ್ಪೆನಿಸುವುದಿಲ್ಲ.

ಹೀಗಿರುವಲ್ಲಿ ಒಂದು ದಿನ ಮಧ್ಯಾಹ್ನ ಅವರು ಡ್ಯೂಟಿಗೆ ಹೊರಟರು. ಟಾರ್ಚನ್ನು ನನ್ನ ಸೆರಗಿನ ಹಿಂದೆ ಹಿಡಿದುಕೊಂಡು, ಬುತ್ತಿಯ ಚೀಲ ಕೊಡುತ್ತಾ, "ಟಾರ್ಚ್ ಒಳಗಿಟ್ಟೀನಿ," ಎಂದೆ.

"ಹೂಂ," ಎಂದರು. ಚೀಲ ಹೆಗಲಿಗೇರಿತು. ಚಪ್ಪಲಿ ಮೆಟ್ಟಿ ಅಂಗಳ ದಾಟಿದರು.

ನಾನು ಕರೆಯಲಿಲ್ಲ. ಕರೆಯಬಾರದೆಂದು ತುಟಿ ಕಚ್ಚಿ ಹೊಸ್ತಿಲಲ್ಲಿ ನಿಂತೆ. ಅವರು ಗೇಟಿನ ಚಿಲಕಕ್ಕೆ ಕೈ ಹಾಕಿದವರು ನಿಂತರು. ಚೀಲ ಇಳಿಸಿ, ಬಾಯಿ ಬಿಡಿಸಿ, ಒಳಗೆ ಬೆರಳಿಟ್ಟು ನೋಡಿದರು. ಆಮೇಲೆ ನಿಧಾನವಾಗಿ ಹಿಂದಿರುಗಿ ಬಂದು ನನ್ನೆದುರು ಕೈ ಚಾಚಿದರು. ನಾನು ಟಾರ್ಚ್ ಕೊಟ್ಟೆ.

"ಹಿಡಿದ್ರಿ," ಎಂದೆ.

"ಮೊದ್ಲು ಹೂಂ ಅಂದೆ," ಎಂದರು.

ಹಿಡಿದಂತೆಯೋ, ಹಿಡಿಯದಂತೆಯೋ ನಾನು ತೀರ್ಮಾನಿಸಲಾರದೆ ಹೋದೆ. ಅವರು ತೀರ್ಮಾನಿಸಿದರು. ಅಂದು ಅವರು ಇಂಜಿನ್ ಹತ್ತುವ ಮೊದಲು ತಮ್ಮ ಮೇಲಿನವರ ಎದುರು ನಿಂತು, ಹಳದಿ ದೀಪದ ವಿಷಯವನ್ನೂ ಬಾಯಿಯ ವಿಷಯವನ್ನೂ ತಿಳಿಸಿದರು. ತಮ್ಮ ಸಹಾಯಕನನ್ನು ಮೊದಲೇ ಕರೆದು, ಇಬ್ಬರದೂ ಸೇರಿಸಿ ಹೇಳುತ್ತೇನೆಂದು ಎಚ್ಚರಿಸಿಯೇ ಹೋಗಿದ್ದರಂತೆ.

ಇಳಿಸುತ್ತಾರೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಇಳಿಸಲಿಲ್ಲ. ಮೇಲಿನವರು ಬೈದರು, ಬರೆಯಿಸಿಕೊಂಡರು, ಮತ್ತೆ ತರಬೇತಿಗೆ ಕಳುಹಿಸಿದರು. ಮರಳಿದ ಮೇಲೆ ಒಬ್ಬ ಇನ್ಸ್‌ಪೆಕ್ಟರು ಕೆಲವು ಕಾಲ ಅದೇ ಇಂಜಿನ್ನಿನಲ್ಲಿ ಅವರ ಬೆನ್ನ ಹಿಂದೆ ನಿಂತು ಇಬ್ಬರ ಬಾಯಿಯನ್ನೂ ಗಮನಿಸಿದರು. ಈಗ ಯಜಮಾನರು ಬೆರಳೆತ್ತಿ ಬಣ್ಣ ಹೇಳುವವರೆಗೆ ಸಹಾಯಕ ಬಾಯಿ ಬಿಡುವುದಿಲ್ಲ. ಆಮೇಲೆ ತಾನೂ ಬೆರಳೆತ್ತಿ, ನೋಡಿ, ತನ್ನದನ್ನು ತಾನು ಹೇಳುತ್ತಾನೆ. ಇಬ್ಬರು ಮಕ್ಕಳ ತಂದೆಯಾದ ಆತ ಒಮ್ಮೆ ನಮ್ಮ ಮನೆಗೆ ಚಹಾಕ್ಕೆ ಬಂದಾಗ, "ಅಕ್ಕಾರ, ನಮ್ಮ ಸಾಹೇಬ್ರಿಗೆ ಎಲ್ಲಾರೂ ಈಗ ಜಪಾನ್ ಅಂತಾರ್ರಿ. 'ಜಪಾನ್ ಬಂದ್ರು, ಬಟ್ಟು ಕಣ್ಣಿಗೆ ತಾಗೀತು, ಸರೀರಿ' ಅಂತ ದಾರಿ ಬಿಡ್ತಾರ," ಎಂದ. ಯಜಮಾನರು ಅವನ ಚಹಾದ ಲೋಟಕ್ಕೆ ಬೆರಳು ತೋರಿಸಿ, "ಆರೈತಿ. ಕುಡಿ," ಎಂದರು.

ನಾನು ಈಗಲೂ ದಿನಕ್ಕೊಂದು ಸುಳ್ಳು ಹೇಳುತ್ತೇನೆ. ಅವರು ಹಿಡಿಯುತ್ತಾರೆ. ಆದರೂ ಹಿಡಿಯುವ ಮೊದಲು ಅವರ ತುಟಿ ಅಲುಗುತ್ತದೆಯೇ ಎಂದು ನಾನು ನೋಡುತ್ತಲೇ ಇರುತ್ತೇನೆ. ದೂರದಿಂದ ಗೂಡ್ಸ್ ಗಾಡಿಯ ಕೂಗು ಕೇಳಿದಾಗ, ಅದು ಅವರದೇ ಇರಲಿ ಬೇರೆಯವರದೇ ಇರಲಿ, ಒಳಗಿರುವ ಇಬ್ಬರೂ ನೋಡಿಯೇ ಹೇಳಿದರೋ ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ.

ಈ ಬರಹವನ್ನು ಯಜಮಾನರಿಗೆ ಓದಲು ಕೊಟ್ಟೆ. ಪುಟ ತಿರುವಿ, "ಭಾಳ ಚಲೋ ಐತಿ," ಎಂದರು. ಅಷ್ಟು ಜಲ್ದಿ ಓದಿದ್ದು ಹೇಗೆಂದು ಕೇಳಿದ್ದಕ್ಕೆ, ಮತ್ತೆ ಮೊದಲಿನಿಂದ ಸಾಲಿನ ಕೆಳಗೆ ಬೆರಳಿಟ್ಟು ಓದಿ, ಕೆಲವು ತಪ್ಪುಗಳನ್ನು ಹಿಡಿದುಕೊಟ್ಟರು. ಇನ್ನೂ ಉಳಿದಿರುತ್ತವೆ. ಆದ್ದರಿಂದ ತಾವೂ ಸರಿಯಾಗಿದೆ ಎನ್ನುವ ಮೊದಲು ಪ್ರತಿ ಸಾಲಿಗೂ ಬೆರಳಿಟ್ಟು ನೋಡಿ, ಕಂಡ ತಪ್ಪುಗಳನ್ನು ಸಂಕೋಚವಿಲ್ಲದೆ ತಿದ್ದಬೇಕೆಂದು ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.